ಕುಂಡಗಳಲ್ಲಿ ಹಬ್ಬಿ ಇಳಿಬೀಳುವ ನೆಲಹೊದಿಕೆ ಸಸ್ಯಗಳು

ಹೊಲದಲ್ಲಿ ಕಳೆಯೆಂದು ಕಿತ್ತು ಬದುವಿಗೆ ಎಸೆಯುವ ಗಿಡಕ್ಕೆ ಮನೆಯ ಮುಂದೆ ಕುಂಡದಲ್ಲಿ ಸ್ಥಾನ ಕೊಟ್ಟು ನೀರೆರೆಯುವುದನ್ನು ಕಂಡರೆ ಬೇಸಾಯಶಾಸ್ತ್ರ ಓದಿದವರಿಗೆ ನಗು ಬರುತ್ತದೆ. ಆದರೆ ಈ ನಗುವಿನಲ್ಲಿ ಒಂದು ಪಾಠವೂ ಇದೆ. ಗೋಣಿಸೊಪ್ಪನ್ನು ಎಡೆಕುಂಟೆ ಹೊಡೆದು ಕಿತ್ತು ಸಾಲಿನಲ್ಲೇ ಬಿಟ್ಟರೆ, ಒಂದು ಹದ ಮಳೆಗೆ ಅದು ಬಿದ್ದಲ್ಲೇ ಬೇರುಬಿಟ್ಟು ಮತ್ತೆ ಹಬ್ಬುವುದು ರೈತ ಬಾಂಧವರಿಗೆ ಗೊತ್ತಿರುವ ವಿಷಯ. ಹೊಲದಲ್ಲಿ ನಮ್ಮನ್ನು ಕಾಡುವ ಈ ಗುಣವೇ ಕುಂಡದಲ್ಲಿ ನಮಗೆ ಬೇಕಾದ ಗುಣ. ನೆಲಕ್ಕೆ ಅಂಟಿಕೊಂಡು ಹಬ್ಬಬೇಕು, ಗೆಣ್ಣುಗಳಲ್ಲಿ ಬೇರುಬಿಡಬೇಕು, ಮಣ್ಣನ್ನು ಬೇಗ ಮುಚ್ಚಬೇಕು, ಅಂಚು ತಲುಪಿದ ಮೇಲೆ ಕೆಳಕ್ಕೆ ಇಳಿಬೀಳಬೇಕು.

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಗಳಲ್ಲಿಯೂ ಮಣ್ಣಿನ ಅಂಗಳ ಕಡಿಮೆಯಾಗಿದೆ. ಹಿತ್ತಲಿಗೆ ಸಿಮೆಂಟು ಹಾಕಿಸಿದ್ದಾಯಿತು, ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿತು. ಹಿತ್ತಲಲ್ಲಿ ತಾನಾಗಿ ಹಬ್ಬಿಕೊಂಡಿದ್ದ ಒಂದೆಲಗ, ದೊಡ್ಡಪತ್ರೆ, ಪುದಿನಗಳು ಈಗ ಕುಂಡಕ್ಕೆ ಬಂದಿವೆ. ಜೊತೆಗೆ ನರ್ಸರಿಗಳಿಂದ ಬಂದ ಹಲವು ಅಲಂಕಾರಿಕ ಬಳ್ಳಿಗಳೂ ಸೇರಿವೆ. ಇವುಗಳಲ್ಲಿ ಯಾವುದನ್ನು ಎಲ್ಲಿ ಬೆಳೆಸಬೇಕು, ಯಾವುದನ್ನು ಮನೆಗೆ ತರಲೇಬಾರದು ಎಂಬ ಬಗ್ಗೆ ರೈತ ಮಹಿಳೆಯರು ತರಬೇತಿಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಈ ಲೇಖನದಲ್ಲಿ ಆ ಪ್ರಶ್ನೆಗಳಿಗೆ ಉತ್ತರಿಸಲು ಪ್ರಯತ್ನಿಸಲಾಗಿದೆ.

ನೀರು ಉಳಿಯುತ್ತದೆಯೇ?

ಎಲ್ಲಕ್ಕಿಂತ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುವುದು ಅಗತ್ಯ. ಕುಂಡದಲ್ಲಿರುವ ನಿಂಬೆ, ಕರಿಬೇವು ಅಥವಾ ಗುಲಾಬಿಯ ಬುಡದಲ್ಲಿ ಹಬ್ಬುವ ಸಸ್ಯವೊಂದನ್ನು ನೆಟ್ಟರೆ ಮಣ್ಣು ಮುಚ್ಚಿ ನೀರು ಉಳಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹೊಲದಲ್ಲಿ ಹೊದಿಕೆ ಹಾಕಿದರೆ ತೇವ ಉಳಿಯುವುದನ್ನು ನಾವೇ ಹೇಳಿಕೊಟ್ಟಿದ್ದೇವೆ. ಆದರೆ ಒಣ ಹೊದಿಕೆ ಬೇರೆ, ಜೀವಂತ ಹೊದಿಕೆ ಬೇರೆ. ಒಣ ಎಲೆ ನೀರು ಕುಡಿಯುವುದಿಲ್ಲ. ಹಸಿರೆಲೆ ಕುಡಿಯುತ್ತದೆ.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಕುಂಡದ ಬಾಯಿಯ ಅಡ್ಡಳತೆ 30 ಸೆಂ.ಮೀ. ಇದ್ದರೆ ಮಣ್ಣಿನ ಮೇಲ್ಮೈ ಸುಮಾರು 700 ಚದರ ಸೆಂ.ಮೀ. ಆಗುತ್ತದೆ. ಬೇಸಿಗೆಯ ದಿನವೊಂದರಲ್ಲಿ 6 ಮಿ.ಮೀ. ನೀರು ಆವಿಯಾಗುತ್ತದೆ ಎಂದಿಟ್ಟುಕೊಂಡರೆ, ನೀರು ಹಾಕಿದ ದಿನ ಬರಿಯ ಮಣ್ಣಿನಿಂದ ಸುಮಾರು 420 ಮಿ.ಲೀ. ನಷ್ಟವಾಗುತ್ತದೆ. ಮೇಲಿನ ಎರಡು ಮೂರು ಸೆಂ.ಮೀ. ಮಣ್ಣು ಒಣಗಿದ ಕೂಡಲೆ ಈ ನಷ್ಟ ತೀರ ಇಳಿದುಹೋಗುತ್ತದೆ. ಒಣಗಿದ ಪದರವೇ ಕೆಳಗಿನ ತೇವಕ್ಕೆ ಮುಚ್ಚಳವಾಗುತ್ತದೆ. ಅದೇ ಕುಂಡದಲ್ಲಿ ಬಳ್ಳಿಯೊಂದು ಹಬ್ಬಿ ಸುತ್ತಲೂ ಇಳಿಬಿದ್ದಿದ್ದರೆ ಎಲೆಗಳ ಹರವು ಕುಂಡದ ಬಾಯಿಗಿಂತ ಮೂರು ನಾಲ್ಕು ಪಟ್ಟು ಆಗಿರುತ್ತದೆ. ಆ ಎಲೆಗಳೆಲ್ಲ ಬಿಸಿಲು ಹೀರಿ ನೀರನ್ನು ಹೊರಬಿಡುವವು. ಬೇರುಗಳು ಕೆಳಗಿನ ತೇವವನ್ನೂ ಎಳೆದುಕೊಳ್ಳುವುದರಿಂದ ಈ ಖರ್ಚು ಮಣ್ಣಿನ ಮೇಲ್ಪದರ ಒಣಗಿದ ಮೇಲೂ ನಿಲ್ಲುವುದಿಲ್ಲ. ಹೊಲದಲ್ಲಾದರೆ ಬೆಳೆಯ ಬೇರು ಆಳಕ್ಕೆ ಹೋಗಿ ತನ್ನ ಪಾಲು ಹುಡುಕಿಕೊಳ್ಳುತ್ತದೆ. ಕುಂಡದಲ್ಲಿ ಇಬ್ಬರಿಗೂ ಇರುವುದು ಒಂದೇ ತಟ್ಟೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಕುಂಡಗಳಿಗೆ ಒಂದೇ ಮಣ್ಣು ತುಂಬಿ, ಒಂದನ್ನು ಬರಿದಾಗಿ ಬಿಡಿ. ಇನ್ನೊಂದಕ್ಕೆ 5 ಸೆಂ.ಮೀ. ದಪ್ಪ ಒಣ ಎಲೆ ಹಾಕಿ. ಮೂರನೆಯದರಲ್ಲಿ ಚೆನ್ನಾಗಿ ಹಬ್ಬಿದ ಬಳ್ಳಿ ಇರಲಿ. ಮೂರಕ್ಕೂ ಸಾಕಷ್ಟು ನೀರು ಹಾಕಿ ಬಸಿಯುವುದು ನಿಂತ ಮೇಲೆ ಕೊಕ್ಕೆ ತಕ್ಕಡಿಯಲ್ಲಿ ತೂಗಿ, ನಾಲ್ಕು ದಿನ ಬೆಳಿಗ್ಗೆ ತೂಕ ಬರೆದಿಡಿ. ಒಂದು ಕಿಲೋಗ್ರಾಂ ಇಳಿದರೆ ಒಂದು ಲೀಟರ್ ನೀರು ಹೋಯಿತೆಂದು ಅರ್ಥ. ಒಣ ಎಲೆಯ ಕುಂಡ ಎಲ್ಲಕ್ಕಿಂತ ಕಡಿಮೆ ಕಳೆದುಕೊಳ್ಳುತ್ತದೆ. ಬಳ್ಳಿಯ ಕುಂಡ ಎಲ್ಲಕ್ಕಿಂತ ಹೆಚ್ಚು ಹಗುರಾಗುತ್ತದೆ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿದರೆ ಅವರಿಗೂ ಲೆಕ್ಕ ಅರ್ಥವಾಗುತ್ತದೆ.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮನೆಯ ತಾರಸಿಯಲ್ಲಿ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ನಿಂಬೆ ಗಿಡ ಬೆಳೆಸಿ, ಬುಡ ಬರಿದಾಗಿ ಕಾಣುತ್ತದೆಂದು ನೇರಳೆ ಪಟ್ಟೆಯ ಝೆಬ್ರಿನ ಬಳ್ಳಿಯನ್ನು ನೆಟ್ಟಿದ್ದೆ. ಮೊದಲ ವರ್ಷ ಬಂದವರೆಲ್ಲ ಹೊಗಳಿದರು. ಎರಡನೆಯ ಬೇಸಿಗೆಗೆ ನಿಂಬೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಕಾಣಿಸಿತು, ಹೀಚುಗಳು ಉದುರಿದವು. ಸತುವಿನ ಕೊರತೆಯೆಂದು ಸತುವಿನ ಸಲ್ಫೇಟ್ ಸಿಂಪಡಿಸಿದೆ. ಕಬ್ಬಿಣವನ್ನೂ ಕೊಟ್ಟೆ. ಗುಣ ಕಾಣಲಿಲ್ಲ. ಕೊನೆಗೆ ಬಳ್ಳಿಯನ್ನು ಎತ್ತಿ ನೋಡಿದರೆ ಮೇಲಿನ ಒಂದು ಗೇಣು ಮಣ್ಣು ಮಣ್ಣಾಗಿರಲಿಲ್ಲ, ಬೇರಿನ ಚಾಪೆಯಾಗಿತ್ತು. ನಾನು ಹಾಕಿದ ನೀರು, ಗೊಬ್ಬರ ಎರಡೂ ಆ ಚಾಪೆಯನ್ನು ದಾಟಿ ನಿಂಬೆಗೆ ತಲುಪುತ್ತಿರಲಿಲ್ಲ. ಬಳ್ಳಿ ಕಿತ್ತು, ಎರಡು ಬೊಗಸೆ ಎರೆಗೊಬ್ಬರ ಕೊಟ್ಟು, ತೆಂಗಿನ ಸಿಪ್ಪೆ ಹೊದಿಸಿದ ಮೇಲೆ ಮಳೆಗಾಲದ ಹೊತ್ತಿಗೆ ಗಿಡ ಚೇತರಿಸಿಕೊಂಡಿತು. ಪರರಿಗೆ ಕಳೆ ನಿರ್ವಹಣೆ ಪಾಠ ಹೇಳುವವನು ತನ್ನ ಡ್ರಮ್ಮಿನಲ್ಲಿಯೇ ಕಳೆ ಸಾಕಿದ್ದನೆಂದು ಮನೆಯವರು ಇಂದಿಗೂ ನೆನಪಿಸುತ್ತಾರೆ.

ಆದ್ದರಿಂದ ಹಣ್ಣಿನ ಗಿಡ, ತರಕಾರಿ ಗಿಡಗಳಿರುವ ಕುಂಡಗಳಿಗೆ ಒಣ ಹೊದಿಕೆಯೇ ಸೂಕ್ತ. ಅಡಿಕೆ ಸಿಪ್ಪೆ, ಶೇಂಗಾ ಸಿಪ್ಪೆ, ಒಣ ಹುಲ್ಲು, ತರಗು ಯಾವುದಾದರೂ ಆಗಬಹುದು. ಹಬ್ಬುವ ಸಸ್ಯಗಳಿಗೆ ಅವುಗಳದೇ ಪ್ರತ್ಯೇಕ ಕುಂಡವಿರಲಿ. ಜೊತೆಯಲ್ಲಿ ಬೆಳೆಸಲೇಬೇಕೆಂದರೆ ಕುಂಡದ ಅಡ್ಡಳತೆ ಕನಿಷ್ಠ 45 ಸೆಂ.ಮೀ. ಇರಬೇಕು, ಬಳ್ಳಿಯನ್ನು ಅಂಚಿನಲ್ಲಿ ಮಾತ್ರ ನೆಟ್ಟು, ಮುಖ್ಯ ಗಿಡದ ಬುಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಬೇಕು.

ಹಾಗಾದರೆ ಇಳಿಬೀಳುವ ಬಳ್ಳಿಯಿಂದ ಪ್ರಯೋಜನವಿಲ್ಲವೇ? ಇದೆ, ಆದರೆ ಅದು ಮಣ್ಣಿನ ಮೇಲ್ಮೈಗಿಂತ ಕುಂಡದ ಮೈಗೆ. ಬೇಸಿಗೆಯ ಮಧ್ಯಾಹ್ನ ಬಿಸಿಲು ನೇರವಾಗಿ ತಾಗುವ ಕಪ್ಪು ಪ್ಲಾಸ್ಟಿಕ್ ಕುಂಡದ ಬದಿಯಲ್ಲಿ ಮಣ್ಣಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಆ ಬದಿಯ ಬೇರುಗಳು ಬೆಂದುಹೋಗುತ್ತವೆ. ಇಳಿಬಿದ್ದ ಎಲೆಗಳು ಕುಂಡಕ್ಕೆ ನೆರಳು ಕೊಟ್ಟು ಬೇರನ್ನು ಕಾಪಾಡುತ್ತವೆ. ಅಲ್ಲದೆ ಮಳೆಹನಿಯ ಪೆಟ್ಟಿಗೆ ಮಣ್ಣು ಸಿಡಿದು ಎಲೆಗೆ ಅಂಟುವುದು, ಮೇಲ್ಪದರ ಗಟ್ಟಿಯಾಗುವುದು ತಪ್ಪುತ್ತದೆ. ಬಯಲುಸೀಮೆಯ ತಾರಸಿಗಳಲ್ಲಿ ದಕ್ಷಿಣ ಮತ್ತು ಪಶ್ಚಿಮ ಅಂಚಿನ ಸಾಲಿಗೆ ಇಂತಹ ಕುಂಡಗಳನ್ನಿಟ್ಟು, ಒಳಸಾಲಿಗೆ ತರಕಾರಿ ಕುಂಡಗಳನ್ನಿಡುವುದು ಒಳ್ಳೆಯ ಜೋಡಣೆ.

ಬಿಸಿಲಿನ ಜಾಗಕ್ಕೆ

ನೀರು ಕಡಿಮೆಯಿದ್ದು ಬಿಸಿಲು ಹೆಚ್ಚಿರುವ ಕಡೆಗೆ ಟೇಬಲ್ ರೋಸ್ ಎಂದು ಎಲ್ಲರೂ ಕರೆಯುವ ಪೋರ್ಚುಲಾಕಕ್ಕೆ ಸಮನಾದುದಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ನಮ್ಮ ಗೋಣಿಸೊಪ್ಪಿನ ಹತ್ತಿರದ ಬಂಧು. ಸೂಜಿಯಂತಹ ರಸಭರಿತ ಎಲೆಗಳು. ಗುಲಾಬಿ, ಹಳದಿ, ಕೇಸರಿ, ಬಿಳಿ ಬಣ್ಣದ ಹೂಗಳು. ಬಿಸಿಲೇರಿದಾಗ ಅರಳಿ ಮಧ್ಯಾಹ್ನದ ನಂತರ ಮುಚ್ಚಿಕೊಳ್ಳುವುದರಿಂದ ಕೆಲವೆಡೆ ಹತ್ತು ಗಂಟೆ ಹೂ ಎಂಬ ಹೆಸರೂ ಇದೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಿನಲ್ಲಿಟ್ಟು ಹೂ ಬರಲಿಲ್ಲವೆಂದು ಗೊಬ್ಬರ ಹಾಕುವುದು ವ್ಯರ್ಥ.

ಇದರ ಬಂಧುವಾದ ಗೋಣಿಸೊಪ್ಪಿನ ಬಗ್ಗೆ ಸಸ್ಯಶಾಸ್ತ್ರಜ್ಞರಿಗೆ ವಿಶೇಷ ಆಸಕ್ತಿಯಿದೆ. ನೀರಿರುವಾಗ ಅದು ಮುಸುಕಿನ ಜೋಳದ ರೀತಿಯಲ್ಲಿ ಹಗಲು ಆಹಾರ ತಯಾರಿಸುತ್ತದೆ; ನೀರಿನ ಕೊರತೆಯಾದಾಗ ಕತ್ತಾಳೆಯಂತೆ ರಾತ್ರಿ ಎಲೆರಂಧ್ರ ತೆರೆದು ಗಾಳಿಯನ್ನು ಒಳಗೆ ಸಂಗ್ರಹಿಸಿಟ್ಟುಕೊಂಡು ಹಗಲು ಬಾಗಿಲು ಹಾಕಿಕೊಳ್ಳುತ್ತದೆ. ಒಂದೇ ಗಿಡ ಎರಡು ಬಗೆಯ ಸಂಸಾರ ನಡೆಸುವುದು ಸಸ್ಯಲೋಕದಲ್ಲಿ ಬಹಳ ವಿರಳ. ಗೋಣಿಸೊಪ್ಪನ್ನು ಅಗಲವಾದ ಕುಂಡದಲ್ಲಿ ಬೆಳೆಸಿ ಹುಳಿ, ಪಲ್ಯಕ್ಕೆ ಬಳಸಬಹುದು. ಬೀಜ ಬಲಿಯುವ ಮೊದಲೇ ಕತ್ತರಿಸಿ. ಇಲ್ಲವಾದರೆ ಮನೆಯ ಎಲ್ಲ ಕುಂಡಗಳಲ್ಲಿ ಅದೇ ಹುಟ್ಟುತ್ತದೆ. ಇದರಲ್ಲಿ ಆಕ್ಸಲೇಟ್ ಅಂಶ ಹೆಚ್ಚಿರುವುದರಿಂದ ಮೂತ್ರಕೋಶದ ಕಲ್ಲಿನ ತೊಂದರೆಯಿರುವವರು ಮಿತವಾಗಿ ತಿನ್ನುವುದು ಒಳಿತು.

ಟೇಬಲ್ ರೋಸ್ ನೆಡಲು 5 ರಿಂದ 8 ಸೆಂ.ಮೀ. ಉದ್ದದ ತುದಿ ತುಂಡುಗಳನ್ನು ಮುರಿದು, ಕೆಳಗಿನ ಎಲೆ ತೆಗೆದು, ಒಂದು ದಿನ ನೆರಳಿನಲ್ಲಿ ಬಾಡಿಸಿ ಮಣ್ಣಿಗೆ ಚುಚ್ಚಬೇಕು. ಗಾಯ ಒಣಗಿರುವುದರಿಂದ ಕೊಳೆಯುವುದಿಲ್ಲ. 25 ಸೆಂ.ಮೀ. ಅಡ್ಡಳತೆಯ ಕುಂಡಕ್ಕೆ ಎಂಟು ಹತ್ತು ತುಂಡುಗಳು ಸಾಕು. ಫೆಬ್ರವರಿಯಲ್ಲಿ ನೆಟ್ಟರೆ ಬೇಸಿಗೆಯುದ್ದಕ್ಕೂ ಹೂ ಸಿಗುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್ ಬರುವುದರೊಳಗೆ ಕುಂಡವನ್ನು ಸೂರಿನ ಕೆಳಗೆ ಸೇರಿಸದಿದ್ದರೆ ಗಿಡ ಕೊಳೆತು ನೀರಾಗುತ್ತದೆ, ಬೀಜವನ್ನಾದರೂ ಕಟ್ಟಿಟ್ಟುಕೊಳ್ಳಿ.

ದೊಡ್ಡಪತ್ರೆಯೂ ಇದೇ ಗುಂಪಿನದು. ಕೆಲವೆಡೆ ಇದನ್ನು ಸಾಂಬ್ರಾಣಿ ಸೊಪ್ಪು ಎನ್ನುವರು. ದಪ್ಪ ಎಲೆಯ ಕೊಂಬೆಗಳು ಭಾರಕ್ಕೆ ಬಾಗಿ ಕುಂಡದ ಅಂಚಿನಿಂದ ಇಳಿಯುತ್ತವೆ. ವಾರಕ್ಕೆ ಎರಡು ಬಾರಿ ನೀರು ಕೊಟ್ಟರೂ ಬದುಕುವ ಗಟ್ಟಿಗಿಡ. ತಂಬುಳಿ, ಬಜ್ಜಿಗೆ ಆಗುತ್ತದೆ.

ಸಿಹಿಗೆಣಸಿನ ಬಳ್ಳಿಯನ್ನು ಯಾರೂ ಅಲಂಕಾರದ ಗಿಡವೆಂದು ಎಣಿಸುವುದಿಲ್ಲ. ಆದರೆ ಬೆಳಗಾವಿ ಕಡೆಯ ಗೆಣಸಿನ ಹೊಲದಿಂದ ಒಂದು ಹಿಡಿ ಬಳ್ಳಿ ತಂದು ಎತ್ತರದ ಕುಂಡದಲ್ಲಿ ನೆಟ್ಟು ನೋಡಿ, ಎರಡು ತಿಂಗಳಲ್ಲಿ ಮೂರಡಿ ಇಳಿಬಿದ್ದಿರುತ್ತದೆ. ನರ್ಸರಿಗಳಲ್ಲಿ ಇದೇ ಜಾತಿಯ ತಿಳಿಹಸಿರು, ಕಡುನೇರಳೆ ಎಲೆಯ ತಳಿಗಳನ್ನು ಒಳ್ಳೆಯ ಬೆಲೆಗೆ ಮಾರುತ್ತಾರೆ. ಎಳೆಯ ಕುಡಿಗಳನ್ನು ಸೊಪ್ಪಿನ ಪಲ್ಯಕ್ಕೆ ಬಳಸಬಹುದು. ಹಸುವಿಗೂ ಹಾಕಬಹುದು.

ನೆರಳಿನ ಜಾಗಕ್ಕೆ: ಒಂದೆಲಗ

ಮನೆಯ ಉತ್ತರ ಅಥವಾ ಪೂರ್ವ ಭಾಗ, ಬಚ್ಚಲ ಪಕ್ಕ, ಮರದ ಕೆಳಗೆ ಅರೆನೆರಳು ಮತ್ತು ತೇವ ಇರುವ ಜಾಗಕ್ಕೆ ಒಂದೆಲಗವೇ ನನ್ನ ಮೊದಲ ಆಯ್ಕೆ. ತುಳುವಿನಲ್ಲಿ ತಿಮರೆ ಎನ್ನುತ್ತಾರೆ. ಬ್ರಾಹ್ಮಿ ಎಂದೂ ಕರೆಯುವುದುಂಟು. ಆದರೆ ನೀರುಬ್ರಾಹ್ಮಿ ಎಂಬ, ಸಣ್ಣ ದಪ್ಪ ಎಲೆಯ, ಕೆಸರಿನಲ್ಲಿ ಹಬ್ಬುವ ಗಿಡ ಬೇರೆಯೇ ಜಾತಿಯದು. ಕೊಳ್ಳುವಾಗ ಎರಡನ್ನೂ ಗುರುತಿಸಿಕೊಳ್ಳಬೇಕು. ಒಂದೆಲಗದ ಎಲೆ ದುಂಡಗೆ, ಅಂಚು ಹಲ್ಲುಹಲ್ಲಾಗಿ, ಉದ್ದನೆಯ ತೊಟ್ಟಿನ ಮೇಲೆ ನಿಂತಿರುತ್ತದೆ. ನೆಲದ ಮೇಲೆ ಓಡುವ ಹಂಬು ಪ್ರತಿ ಗೆಣ್ಣಿನಲ್ಲೂ ಬೇರುಬಿಟ್ಟು ಹೊಸ ಗಿಡವಾಗುತ್ತದೆ.

ಇದನ್ನು ಕುಂಡದಲ್ಲಿ ಬೆಳೆಸಿ ಎಂದು ಒತ್ತಿ ಹೇಳುವುದಕ್ಕೆ ಅಂದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಒಂದೆಲಗ ಎಲ್ಲಿ ನೀರು ನಿಲ್ಲುತ್ತದೋ ಅಲ್ಲಿ ಹಬ್ಬುವ ಗಿಡ. ಹಿಂದೆ ಗದ್ದೆಯ ಬದು, ತೋಟದ ಕಾಲುವೆಯ ಪಕ್ಕ ಸಿಗುತ್ತಿತ್ತು. ಈಗ ಊರುಗಳಲ್ಲಿ ಅದು ಸೊಂಪಾಗಿ ಬೆಳೆಯುವುದು ಚರಂಡಿಯ ಬದಿಯಲ್ಲಿ. ಆ ನೀರಿನ ರೋಗಾಣುಗಳು ಎಲೆಗೆ ಅಂಟಿಕೊಳ್ಳುತ್ತವೆ. ಕಲುಷಿತ ಮಣ್ಣಿನಿಂದ ಸೀಸದಂತಹ ಭಾರಲೋಹಗಳನ್ನು ಹೀರಿಕೊಳ್ಳುವ ಸ್ವಭಾವವೂ ಈ ಗಿಡಕ್ಕಿದೆ. ನಮ್ಮಲ್ಲಿ ಇದನ್ನು ಹಸಿಯಾಗಿಯೇ ಅರೆದು ತಂಬುಳಿ, ಚಟ್ನಿ ಮಾಡುವ ರೂಢಿ. ಅದೂ ಹೆಚ್ಚಾಗಿ ಮಕ್ಕಳಿಗಾಗಿ. ಒಂದು ಅಗಲದ ಕುಂಡ ಮನೆಯಲ್ಲಿದ್ದರೆ ಚರಂಡಿಯ ಪಕ್ಕ ಬಗ್ಗುವ ಅಗತ್ಯವಿಲ್ಲ. ನೆನಪಿನ ಶಕ್ತಿಯ ಬಗ್ಗೆ ಇರುವ ನಂಬಿಕೆಯನ್ನು ವೈದ್ಯರು ವಿಚಾರ ಮಾಡಲಿ. ಬೇಸಾಯದವನಾಗಿ ನಾನು ಹೇಳಬಲ್ಲುದು ಎಲೆ ಶುದ್ಧವಾಗಿರಬೇಕೆಂಬುದನ್ನು ಮಾತ್ರ.

ಇದಕ್ಕೆ ಆಳದ ಕುಂಡ ಬೇಡ. 15 ರಿಂದ 20 ಸೆಂ.ಮೀ. ಆಳ, ಎಷ್ಟಾದರೂ ಅಗಲ. ಬೇರುಸಹಿತವಾದ ಹಂಬಿನ ತುಂಡುಗಳನ್ನು 10 ಸೆಂ.ಮೀ. ಅಂತರದಲ್ಲಿ ಮಲಗಿಸಿ, ಗೆಣ್ಣಿನ ಮೇಲೆ ಸ್ವಲ್ಪ ಮಣ್ಣು ಒತ್ತಬೇಕು. ಎರಡೂವರೆ ಮೂರು ತಿಂಗಳಲ್ಲಿ ಕುಂಡ ತುಂಬಿ ಹಂಬುಗಳು ಅಂಚಿನಿಂದ ಇಳಿಯತೊಡಗುತ್ತವೆ. ಬುಡ ಬಿಟ್ಟು ಎಲೆಗಳನ್ನಷ್ಟೇ ಕೊಯ್ದರೆ ಮತ್ತೆ ಚಿಗುರುತ್ತದೆ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಕೊಡಿ. ಹಸಿ ತಿನ್ನುವ ಎಲೆಯಾದ್ದರಿಂದ ಹಸಿ ಸಗಣಿ ನೀರು ಹಾಕಬೇಡಿ, ಯಾವ ಕೀಟನಾಶಕವನ್ನೂ ಸಿಂಪಡಿಸಬೇಡಿ.

ಪುದಿನವೂ ಇದೇ ಪರಿಸ್ಥಿತಿಯಲ್ಲಿ ಬೆಳೆಯುತ್ತದೆ. ಅದರೊಡನೆ ಬೇರೆ ಯಾವುದನ್ನೂ ನೆಡಬಾರದು, ಎಲ್ಲವನ್ನೂ ನುಂಗಿಹಾಕುತ್ತದೆ. ಮನಿ ಪ್ಲಾಂಟ್ ಬಳ್ಳಿಯ ಬಗ್ಗೆ ಹೇಳುವುದೇನೂ ಉಳಿದಿಲ್ಲ; ಅದರ ಎಲೆ ಜಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುವುದರಿಂದ ಎಳೆಮಕ್ಕಳ ಮತ್ತು ಕರುಗಳ ಬಾಯಿಗೆ ಎಟುಕದಂತೆ ತೂಗುಹಾಕಬೇಕು ಎಂಬುದೊಂದನ್ನು ಬಿಟ್ಟು.

ಹಳದಿ ಹೂವಿನ ವೆಡೀಲಿಯ

ಈಗ ಅಹಿತವಾದರೂ ಹೇಳಲೇಬೇಕಾದ ಮಾತು. ರಸ್ತೆ ವಿಭಜಕಗಳಲ್ಲಿ, ಕಚೇರಿಗಳ ಮುಂದೆ, ಮನೆಗಳ ಕಾಂಪೌಂಡಿನ ಮೇಲೆ ದಟ್ಟ ಹಸಿರಾಗಿ ಹಬ್ಬಿ, ಚಿಕ್ಕ ಸೂರ್ಯಕಾಂತಿಯಂತಹ ಹಳದಿ ಹೂ ಬಿಡುವ ಬಳ್ಳಿಯೊಂದನ್ನು ನೀವು ನೋಡಿದ್ದೀರಿ. ಅದೇ ವೆಡೀಲಿಯ. ಉಷ್ಣವಲಯದ ಅಮೆರಿಕ ಇದರ ತವರು. ಒಂದು ತುಂಡು ಕೊಟ್ಟರೆ ಸಾಕು, ವರ್ಷವಿಡೀ ಹೂ, ಆರೈಕೆ ಏನೂ ಬೇಡ. ಇಷ್ಟು ಗುಣವಿರುವುದರಿಂದಲೇ ಇದು ನೆರೆಮನೆಯಿಂದ ನೆರೆಮನೆಗೆ ಸಾಗುತ್ತಿದೆ. ಆದರೆ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳೆಂದು 2000ದಲ್ಲಿ ಅಂತರರಾಷ್ಟ್ರೀಯ ತಜ್ಞರು ಪ್ರಕಟಿಸಿದ ಪಟ್ಟಿಯಲ್ಲಿ ವೆಡೀಲಿಯದ ಹೆಸರಿದೆ. ಅದೇ ಪಟ್ಟಿಯಲ್ಲಿ ಲಂಟಾನವೂ ಇದೆ, ಅಂತರಗಂಗೆಯೂ ಇದೆ.

ಈ ಎರಡರ ಚರಿತ್ರೆಯನ್ನು ನೆನಪಿಗೆ ತಂದುಕೊಳ್ಳಿ. ಲಂಟಾನ 19ನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗಾಗಿ, ಬೇಲಿಗಾಗಿ ನಮ್ಮ ದೇಶಕ್ಕೆ ಬಂದ ತೋಟದ ಗಿಡ. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಡಿಯನ್ನೆಲ್ಲ ಅದು ಮುಚ್ಚಿದೆ. ಅದನ್ನು ತಿಂದ ದನಗಳಿಗೆ ಕಾಮಾಲೆ ಬಂದು, ಬಿಸಿಲಿಗೆ ಮೈ ಚರ್ಮ ಸುಲಿಯುತ್ತದೆ. ಅಂತರಗಂಗೆಯನ್ನೂ ನೇರಳೆ ಹೂವಿನ ಅಂದಕ್ಕೆ ಮರುಳಾಗಿಯೇ ಕೊಳಗಳಲ್ಲಿ ಬಿಟ್ಟಿದ್ದು; ಈಗ ಕೆರೆಗಳ ನೀರೇ ಕಾಣದು. ಎರಡೂ ಮೊದಲು ಯಾರದೋ ಕುಂಡ, ಕೊಳದಲ್ಲಿ ಪ್ರೀತಿಯಿಂದ ಬೆಳೆದಂತಹವು.

ವೆಡೀಲಿಯ ಹೊಲಕ್ಕೆ ಬರುವ ದಾರಿ ಸರಳವಾಗಿದೆ. ಕುಂಡದಲ್ಲಿ ಅತಿಯಾಗಿ ಬೆಳೆದದ್ದನ್ನು ಕತ್ತರಿಸಿ ತಿಪ್ಪೆಗೆ ಅಥವಾ ಹಳ್ಳದ ಪಕ್ಕಕ್ಕೆ ಎಸೆಯುತ್ತೇವೆ. ಮಳೆ ಬಂದಾಗ ನೀರಿನೊಡನೆ ತುಂಡುಗಳು ಕಾಲುವೆ ಸೇರುತ್ತವೆ. ಪ್ರತಿ ಗೆಣ್ಣೂ ಬೇರುಬಿಡುತ್ತದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಒಮ್ಮೆ ನೆಲೆಗೊಂಡರೆ ಕಾಲುವೆ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಅಡಿಕೆಗೆ ಬೇರು ನೆನೆದು ನಿಲ್ಲುವುದು ಎಂತಹ ಅಪಾಯವೆಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ದನಗಳು ಇದನ್ನು ಇಷ್ಟಪಟ್ಟು ಮೇಯುವುದಿಲ್ಲ. ದಟ್ಟ ಚಾಪೆಯ ಕೆಳಗೆ ಗರಿಕೆಯೂ ಉಳಿಯದೆ ಬದುವಿನ ಮೇವು ಹೋಗುತ್ತದೆ. ಕೈಯಿಂದ ಕಿತ್ತರೆ ತುಂಡು ಉಳಿಯುತ್ತದೆ, ಉಳಿದ ತುಂಡು ಮತ್ತೆ ಬಳ್ಳಿಯಾಗುತ್ತದೆ.

ಆದ್ದರಿಂದ ತೋಟ, ಗದ್ದೆ, ಹಳ್ಳಗಳ ಹತ್ತಿರ ಮನೆಯಿರುವವರು ವೆಡೀಲಿಯವನ್ನು ಕುಂಡದಲ್ಲಿಯೂ ಬೆಳೆಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈಗಾಗಲೇ ಇದ್ದರೆ ತೆಗೆಯುವ ಕ್ರಮ ಹೀಗಿರಲಿ. ಬೇಸಿಗೆಯಲ್ಲಿ, ಮಣ್ಣು ಒಣಗಿರುವಾಗ ಬೇರುಸಹಿತ ಎತ್ತಿ, ಮಣ್ಣು ಕೊಡವಿ, ಸಿಮೆಂಟು ಕಣ ಅಥವಾ ತಾರಸಿಯ ಮೇಲೆ ತೆಳ್ಳಗೆ ಹರಡಿ, ಮುರಿದರೆ ಪಟ್ಟೆಂದು ಮುರಿಯುವವರೆಗೆ ಎರಡು ಮೂರು ವಾರ ಒಣಗಿಸಿ. ಆಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಹಸಿಯಾಗಿ ಗುಂಡಿಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ ಹೊತ್ತು ಹಾಕಿದಂತೆಯೇ. ಮಳೆಗಾಲದಲ್ಲಿ ತೆಗೆಯಬೇಕಾದರೆ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಪೂರ್ತಿ ಕೊಳೆಯುವವರೆಗೆ ಇಡಬೇಕು. ಆ ಕುಂಡದ ಮಣ್ಣಿನಲ್ಲಿ ಮುಂದೆ ಎರಡು ಮೂರು ತಿಂಗಳು ಚಿಗುರು ಕಂಡಂತೆ ಕೀಳುತ್ತಿರಬೇಕು. ನನ್ನ ಡ್ರಮ್ಮಿನ ಝೆಬ್ರಿನಕ್ಕೂ ಇದೇ ಕ್ರಮವನ್ನು ಅನುಸರಿಸಿದೆ. ಅದರ ತುಂಡುಗಳೂ ಹೀಗೆಯೇ ಹಠಮಾರಿಗಳು.

ಹಳದಿ ಹೂವೇ ಬೇಕೆನ್ನುವವರಿಗೆ ಬ್ರೆಜಿಲ್ ಮೂಲದ ಬಹುವಾರ್ಷಿಕ ಶೇಂಗಾ ಇದೆ. ಪಿಂಟೊ ಶೇಂಗಾ ಎಂದು ನರ್ಸರಿಯವರು ಹೇಳುತ್ತಾರೆ. ಎಲೆ, ಹೂ ಎರಡೂ ನಮ್ಮ ಶೇಂಗಾದಂತೆ. ಇದನ್ನು ಕಾಯಿಗಾಗಿ ಬೆಳೆಸುವುದಿಲ್ಲ. ಬೇರಿನ ಗಂಟುಗಳಲ್ಲಿ ಸಾರಜನಕ ಸ್ಥಿರೀಕರಿಸುತ್ತದೆ, ಕತ್ತರಿಸಿದ್ದನ್ನು ದನಗಳು ತಿನ್ನುತ್ತವೆ. ಕುಂಡದಿಂದ ಹೊರಗೆ ಹೋದರೂ ಅದು ಮೇವಾಗುತ್ತದೆಯೇ ಹೊರತು ಹೊರೆಯಾಗುವುದಿಲ್ಲ. ನೀಲಿ ಹೂ ಬೇಕೆಂದರೆ ನಮ್ಮ ಮುಫತ್ತು ಭೂಮಿಯಲ್ಲಿ ತಾನಾಗಿ ಬೆಳೆಯುವ ವಿಷ್ಣುಕ್ರಾಂತಿಯನ್ನು ಬೀಜದಿಂದ ಎಬ್ಬಿಸಬಹುದು. ಕೆರೆಯಂಗಳದಲ್ಲಿ ಹಬ್ಬುವ ನೆಲಹಿಪ್ಪಲಿಯೂ ಕುಂಡಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅದರ ಪುಟ್ಟ ಹೂಗಳಿಗೆ ಚಿಟ್ಟೆಗಳು ತಪ್ಪದೆ ಬರುತ್ತವೆ.

ಕುಂಡ, ಮಣ್ಣು ಮತ್ತು ಬಸಿಯುವಿಕೆ

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ಬಹುಕಾಲದಿಂದ ಬಂದ ಸಲಹೆ. ಇದು ಸರಿಯಲ್ಲ. ನುಣುಪು ಮಣ್ಣು ತನ್ನ ಸಣ್ಣ ರಂಧ್ರಗಳಲ್ಲಿ ನೀರನ್ನು ಹಿಡಿದುಕೊಳ್ಳುತ್ತದೆ. ಕೆಳಗೆ ದಪ್ಪ ಜಲ್ಲಿಯಿದ್ದರೆ ತಾನು ಪೂರ್ತಿ ನೆನೆಯುವವರೆಗೆ ಅದನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಜಲ್ಲಿಯ ಮೇಲೆ ಒಂದು ಕೆಸರು ಪದರ ಉಳಿಯುತ್ತದೆ, ಬೇರಿಗೆ ಸಿಗುವ ಮಣ್ಣು ಮಾತ್ರ ಕಡಿಮೆಯಾಗುತ್ತದೆ. ಸ್ಪಂಜಿನ ತುಂಡನ್ನು ನೀರಿನಲ್ಲಿ ಅದ್ದಿ ಅಡ್ಡವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿದರೆ ಮತ್ತೆ ನೀರು ಸುರಿಯುತ್ತದೆ. ಎತ್ತರದ ಕುಂಡದ ಮೇಲ್ಭಾಗ ಬೇಗ ಒಣಗುವುದು, ಚಪ್ಪಟೆ ಕುಂಡ ಸದಾ ತೇವವಾಗಿರುವುದು ಇದೇ ಕಾರಣಕ್ಕೆ. ಆದುದರಿಂದ ಚಪ್ಪಟೆ ಕುಂಡ ಒಂದೆಲಗಕ್ಕೆ, ಎತ್ತರದ ಕುಂಡ ಟೇಬಲ್ ರೋಸ್ ಮತ್ತು ದೊಡ್ಡಪತ್ರೆಗೆ. ತಳದ ರಂಧ್ರದ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

ಬಿಸಿಲಿನ ಗಿಡಗಳಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ನೆರಳಿನ ಗಿಡಗಳಿಗೆ ಮರಳಿನ ಬದಲು ಎರೆಗೊಬ್ಬರ. ಎರೆಮಣ್ಣಿನ ಸೀಮೆಯವರು ಬರಿಯ ಎರೆಮಣ್ಣನ್ನು ತುಂಬಬಾರದು; ಒಣಗಿದಾಗ ಅದು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಹಾಕಿದ ನೀರು ಆ ಸಂದಿನಿಂದ ನೇರವಾಗಿ ಹೊರಗೆ ಹರಿದುಹೋಗುತ್ತದೆ. ತೂಗುಕುಂಡಗಳಿಗೆ ಭಾರ ಕಡಿಮೆ ಮಾಡಲು ತೆಂಗಿನ ನಾರಿನ ಪುಡಿ ಒಳ್ಳೆಯದು. ತಿಪಟೂರು, ಅರಸೀಕೆರೆ ಕಡೆಯವರಿಗೆ ಇದು ಸುಲಭವಾಗಿ ಸಿಗುತ್ತದೆ. ಹಸಿ ಪುಡಿಯಲ್ಲಿ ಉಪ್ಪಿನಂಶ ಮತ್ತು ಒಗರು ಇರುವುದರಿಂದ ಎರಡು ಮೂರು ಬಾರಿ ನೀರಿನಲ್ಲಿ ತೊಳೆದು, ಕಳಿಸಿಯೇ ಬಳಸಬೇಕು.

25 ಸೆಂ.ಮೀ. ಬಾಯಿಯ ಅರೆಗೋಳದ ತೂಗುಬುಟ್ಟಿ ಸುಮಾರು 4 ಲೀಟರ್ ಹಿಡಿಯುತ್ತದೆ. ಬರಿಯ ಮಣ್ಣು ತುಂಬಿ ನೀರು ಹಾಕಿದರೆ 7 ಕಿಲೋಗ್ರಾಂ ಸಮೀಪಿಸುತ್ತದೆ. ಹೆಂಚಿನ ಮನೆಯವರು ಅದನ್ನು ರೀಪಿಗೆ ನೇತುಹಾಕದೆ ಜಂತೆಗೆ ಹಾಕಬೇಕು. ತಾರಸಿಯ ಮೇಲೆ ದೊಡ್ಡ ಕುಂಡಗಳನ್ನು ನಡುವೆ ಗುಂಪಾಗಿ ಇಡದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿಡಬೇಕು.

ಹಳೆಯ ಡಬ್ಬ, ಬಕೆಟ್ಟು, ಒಡೆದ ಮಡಕೆ ಯಾವುದನ್ನಾದರೂ ಬಳಸಿ. ಕೀಟನಾಶಕ ಅಥವಾ ಕಳೆನಾಶಕ ಬಂದ ಡಬ್ಬಗಳನ್ನು ಮಾತ್ರ ಎಷ್ಟು ತೊಳೆದರೂ ಬಳಸಬೇಡಿ. ಪ್ಲಾಸ್ಟಿಕ್ಕಿನ ಮೈಯಲ್ಲಿ ಹೀರಿಕೊಂಡ ಔಷಧಿ ಸೋಪಿಗೆ ಹೋಗುವುದಿಲ್ಲ. ಹಳ್ಳಿಯೊಂದರಲ್ಲಿ ಅಂತಹ ಬಿಳಿ ಡಬ್ಬವನ್ನು ಅಂದವಾಗಿ ಕತ್ತರಿಸಿ ಪುದಿನ ಬೆಳೆಸಿದ್ದನ್ನು ಕಂಡು ನಾನು ಅಲ್ಲೇ ಕೀಳಿಸಿದ್ದೇನೆ. ಆ ತಾಯಿಗೆ ಬೇಸರವಾಯಿತು, ಆದರೆ ಬೇರೆ ದಾರಿಯಿರಲಿಲ್ಲ.

ಆರೈಕೆ

ಇಳಿಬಿದ್ದ ಬಳ್ಳಿ ಹೆಂಚಿನಂತೆ ಕೆಲಸ ಮಾಡಿ ಮಳೆನೀರನ್ನು ಕುಂಡದ ಹೊರಗೆ ಸುರಿಸುತ್ತದೆ. ಮಳೆಗಾಲದಲ್ಲಿ ಸುತ್ತಲೂ ನೀರಿದ್ದು ಕುಂಡ ಮಾತ್ರ ಒಣಗಿರುವುದು ಹೀಗೆಯೇ. ಎಲೆ ಸರಿಸಿ, ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ ನೀರು ಕೊಡಬೇಕು. ಒಮ್ಮೆ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹಾಕಿದರೆ ಒಣಗಿದ ಮಣ್ಣು ಚೆನ್ನಾಗಿ ಹೀರಿಕೊಳ್ಳುತ್ತದೆ. ಕೊಳವೆ ಬಾವಿಯ ಗಡಸು ನೀರು ಬಳಸುವ ಕಡೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಎರಡು ತಿಂಗಳಿಗೊಮ್ಮೆ ಕುಂಡದ ಗಾತ್ರದಷ್ಟು ಮಳೆನೀರನ್ನು ನಿಧಾನವಾಗಿ ಹರಿಸಿ ತೊಳೆಯಬೇಕು.

ಕುಂಡದ ಕೆಳಗಿಟ್ಟ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಸೊಳ್ಳೆಯ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಬಳ್ಳಿ ಇಳಿಬಿದ್ದಿರುವ ಕಡೆ ತಟ್ಟೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ತಟ್ಟೆಯನ್ನೇ ಇಡದಿರುವುದು ಮೇಲು. ಇಟ್ಟರೆ ವಾರಕ್ಕೊಮ್ಮೆ ಬಗ್ಗಿಸಿ ಉಜ್ಜಿ ಒರೆಸಬೇಕು.

ಹಿಟ್ಟು ತಿಗಣೆ ಕಂಡರೆ ಅಲಂಕಾರದ ಗಿಡಗಳಿಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪು ಬೆರೆಸಿ ಎಲೆಯ ಕೆಳಭಾಗಕ್ಕೆ ತಾಗುವಂತೆ ಸಿಂಪಡಿಸಿ. ತಿನ್ನುವ ಸೊಪ್ಪಾದರೆ ಹತ್ತಿದ ಕುಡಿಗಳನ್ನು ಚಿವುಟಿ ಸುಟ್ಟುಬಿಡಿ. ಮಳೆಗಾಲದಲ್ಲಿ ಬಸವನಹುಳುಗಳು ಇಂತಹ ಬಳ್ಳಿಯ ಅಡಿಯಲ್ಲೇ ಹಗಲು ಅಡಗಿರುತ್ತವೆ. ಒದ್ದೆ ಗೋಣಿಚೀಲವನ್ನು ಸಂಜೆ ಕುಂಡಗಳ ನಡುವೆ ಹಾಸಿ, ಬೆಳಿಗ್ಗೆ ಅದರ ಕೆಳಗೆ ಸೇರಿದವನ್ನು ಆರಿಸಿ ಉಪ್ಪುನೀರಿಗೆ ಹಾಕಬೇಕು. ಕೈಗೆ ಚೀಲ ಕಟ್ಟಿಕೊಂಡೇ ಆರಿಸಿ.

ಒಂದೆರಡು ವರ್ಷವಾದ ಮೇಲೆ ಬಳ್ಳಿ ಅಂಚಿನಲ್ಲಿ ಮಾತ್ರ ಹಸಿರಾಗಿದ್ದು ನಡುವೆ ಬೋಳಾಗುತ್ತದೆ. ಹೊಸ ಗಿಡ ಕೊಳ್ಳುವ ಅಗತ್ಯವಿಲ್ಲ. ಇಳಿಬಿದ್ದ ತುದಿಗಳನ್ನು ಮೂರನೆಯ ಒಂದು ಭಾಗ ಕತ್ತರಿಸಿ, ನಡುವಿನ ಮಣ್ಣನ್ನು ಸಡಿಲಿಸಿ ಒಂದು ಹಿಡಿ ಎರೆಗೊಬ್ಬರ ಬೆರೆಸಿ, ಕತ್ತರಿಸಿದ ತುದಿಗಳನ್ನು ಅಲ್ಲಿಯೇ ಚುಚ್ಚಬೇಕು. ಜೂನ್ ಕೊನೆಯ ವಾರ ಇದಕ್ಕೆ ಅತ್ಯಂತ ಸೂಕ್ತ ಕಾಲ. ಟೇಬಲ್ ರೋಸ್ ಒಂದಕ್ಕೆ ಮಾತ್ರ ಫೆಬ್ರವರಿಯವರೆಗೆ ಕಾಯಬೇಕು.